ತೊಗರಿ ಚೀಲಗಳ ನಡುವಿನ ಗದ್ದಲ

ಆಳಂದದ ಮಾರ್ಕೆಟ್ ಯಾರ್ಡಿನಲ್ಲಿ ನನ್ನನ್ನು ಎದುರಿಗೆ ಅಕ್ಕಾವ್ರು ಅನ್ನುತ್ತಾರೆ, ಬೆನ್ನ ಹಿಂದೆ ಸಂಶಯದ ಪಿಶಾಚಿ ಅನ್ನುತ್ತಾರೆ. ಎರಡೂ ನನ್ನ ಕಿವಿಗೆ ಬಿದ್ದಿವೆ, ಎರಡಕ್ಕೂ ಬೇಸರವಿಲ್ಲ. ಸಂಶಯವಿಲ್ಲದೆ ತೊಗರಿ ವ್ಯಾಪಾರಕ್ಕೆ ಕೂತವರು ಯಾರಾದರೂ ಇದ್ದರೆ ಅವರು ಈಗ ಬೇರೆ ಏನೋ ಮಾಡಿಕೊಂಡಿರುತ್ತಾರೆ. ಚೀಲದ ಬಾಯಿಗೆ ದುಂಡನೆಯ ಕಾಳು ಹಾಕಿ ತಳಕ್ಕೆ ಜೊಳ್ಳು ತುಂಬಿ ತರುವವರ ನಡುವೆ ಬದುಕಿದವಳು ನಾನು. ಯಜಮಾನರು ತೀರಿಕೊಂಡ ಮೇಲೆ, ರೈತರ ಮಾಲು ಹರಾಜಿಗಿಡುವ ನಮ್ಮ ಅಡತಿ ಅಂಗಡಿಯ ಗಾದಿಯ ಮೇಲೆ ನಾನೇ ಕೂತೆ. ಗೋದಾಮು, ಹಮಾಲರು, ಲಾರಿ ಎಲ್ಲವನ್ನೂ ನನ್ನ ಮೈದುನ ನೋಡಿಕೊಳ್ಳುತ್ತಾನೆ. ಅವನು, ಅವನ ಹೆಂಡತಿ, ನಾನು ಒಂದೇ ಮನೆಯಲ್ಲಿ ಒಂದೇ ಒಲೆಯ ರೊಟ್ಟಿ ತಿಂದುಕೊಂಡಿದ್ದೇವೆ. ನನಗೆ ಮಕ್ಕಳಿಲ್ಲ. ಮನೆ ಅಂದರೆ ನನಗೆ ಇಷ್ಟೇ.

ಈ ಜಗತ್ತಿನಲ್ಲಿ ನಾನು ಅಂಜುವುದು ಪಾಲಿಗೆ ಮಾತ್ರ. ನನ್ನ ತವರು ಇಜೇರಿ. ನಾನಿನ್ನೂ ಲಂಗ ಉಡುವ ವಯಸ್ಸಿನಲ್ಲಿದ್ದಾಗ ಅಪ್ಪ ಮತ್ತು ಚಿಕ್ಕಪ್ಪ ಬೇರೆಯಾದರು. ಹೊಲ, ಎತ್ತು, ಹಿತ್ತಾಳೆಯ ಕೊಡ ಎಲ್ಲ ಹಂಚಿಕೊಂಡಾದ ಮೇಲೆ ಬೀಸುವ ಕಲ್ಲು ಉಳಿಯಿತು. ಹಟಕ್ಕೆ ಬಿದ್ದು ಮೇಲಿನ ಕಲ್ಲನ್ನು ಅಪ್ಪ ಇಟ್ಟುಕೊಂಡ, ಕೆಳಗಿನದನ್ನು ಚಿಕ್ಕಪ್ಪ ಹೊತ್ತುಕೊಂಡು ಹೋದ. ಆಮೇಲೆ ಎರಡೂ ಮನೆಯವರು ಹಿಟ್ಟಿಗಾಗಿ ಗಿರಣಿಯ ಮುಂದೆ ಸಾಲು ನಿಂತರು, ಒಬ್ಬರ ಮುಖ ಒಬ್ಬರು ನೋಡದೆ. ಅಂದಿನಿಂದ ಮನೆ ಒಡೆಯುವ ಸುಳಿವು ನನಗೆ ಎಲ್ಲರಿಗಿಂತ ಮೊದಲೇ ಹತ್ತುತ್ತದೆ. ಮೊದಲು ಬಾಗಿಲಿಗೆ ಒಂದು ಹೊಸ ಕೀಲಿ ಬೀಳುತ್ತದೆ. ಆಮೇಲೆ ಊಟಕ್ಕೆ ಕೂತಾಗ ಮಾತು ಕಡಿಮೆಯಾಗುತ್ತದೆ. ಕೊನೆಗೆ ಎರಡನೆಯ ಒಲೆ ಹೂಡುತ್ತಾರೆ.

ನಮ್ಮ ಮನೆಯಲ್ಲಿ ಕೀಲಿಕೈಗಳೆಲ್ಲ ದೇವರ ಜಗಲಿಯ ಪಕ್ಕದ ಮೊಳೆಗಳಲ್ಲಿ ತೂಗುತ್ತಿರುತ್ತವೆ. ಯಾವ ಕೀಲಿಯನ್ನು ಯಾರು ಬೇಕಾದರೂ ತೆಗೆಯಬಹುದು, ತಿಜೋರಿಯದ್ದನ್ನೂ. ಅತ್ತೆಯವರು ಮಾಡಿಟ್ಟ ಕಟ್ಟಳೆ ಅದು. ಹೋದ ಸುಗ್ಗಿಯಲ್ಲಿ ಗೋದಾಮು ತುಂಬಿದ ಹೊಸದರಲ್ಲಿ ಒಂದು ದಿನ ನಾನು ಮೊಳೆಯಲ್ಲಿದ್ದ ಕೀಲಿಕೈ ಹಿಡಿದು ಹೋದರೆ ಬಾಗಿಲಿಗೆ ಬೇರೆಯೇ ಕೀಲಿ ಬಿದ್ದಿತ್ತು. ಹೊಳೆಯುವ, ಅಂಗೈಯಗಲದ ಹೊಸ ಕೀಲಿ. ಹಳೆಯ ಕೀಲಿಕೈಯನ್ನು ತಂದು ಮತ್ತೆ ಮೊಳೆಗೆ ಹಾಕಿದೆ.

ಊಟಕ್ಕೆ ಕೂತಾಗ ಕೇಳಿದೆ. "ಗೋದಾಮಿಗೆ ಹೊಸಾ ಕೀಲಿ ಹಾಕೀದಿ ಅಲ್ಲ, ತಮ್ಮಾ?"

"ಹಳೇದು ಜಂಗ ಹಿಡಿದು ತಿರಗವಲ್ದಾಗಿತ್ರಿ ವೈನಿ" ಅಂದ. ಅನ್ನುತ್ತಲೇ ಎದೆಯ ಜೇಬನ್ನು ಮುಟ್ಟಿ ನೋಡಿಕೊಂಡ, ಹೊಸ ಕೀಲಿಕೈ ಮೊಳೆಗೆ ಬರದೆ ಅಲ್ಲೇ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ. ಅವನ ಹೆಂಡತಿ, ನನ್ನ ನೆಗೆಣ್ಣಿ, ತಲೆ ತಗ್ಗಿಸಿ ಪುಂಡಿಪಲ್ಯ ಬಡಿಸಿದಳು. ಅವಳಿಗೆ ಗೊತ್ತಿತ್ತು. ಮುಂದೆ ಯಾರೂ ಮಾತಾಡಲಿಲ್ಲ.

ಆಮೇಲೆ ತೊಗರಿ ದರ ಏರಿತು. ಏರಿದಾಗ ಮಾರುವುದು ನಮ್ಮ ಮನೆತನದ ರೂಢಿ. ಮೈದುನ ಮಾರಲಿಲ್ಲ. ಇನ್ನಷ್ಟು ಏರಿತು, ಆಗಲೂ ಮಾರಲಿಲ್ಲ. "ಸ್ವಲ್ಪ ತಡೀರಿ ವೈನಿ" ಎಂಬ ಒಂದೇ ಮಾತು. ಇಡೀ ಯಾರ್ಡಿಗೆ ಇದು ಕಂಡಿತು. ಏರಿದ ದರಕ್ಕೂ ಮಾರದವನಿಗೆ ಮುಂದಿನದು ಏನೋ ಗೊತ್ತಿರಬೇಕು ಎಂದು ಲೆಕ್ಕ ಹಾಕಿ ಉಳಿದ ಅಡತಿಯವರೂ ತಮ್ಮ ತಮ್ಮ ಗೋದಾಮುಗಳನ್ನು ಭದ್ರ ಮಾಡಿ ಕೂತರು. ಪಕ್ಕದ ಅಂಗಡಿಯವರು ಚಹಾದ ನೆಪ ಮಾಡಿಕೊಂಡು ಬಂದು ನನ್ನ ಹತ್ತಿರ ಬಗ್ಗಿದರು.

"ಅಕ್ಕಾವ್ರೆ, ಸಣ್ಣ ಸಾವ್ಕಾರ್ರು ತೊಗರಿ ಬಿಡವಲ್ರು. ದಿಲ್ಲಿ ಕಡಿಂದ ಏನರೆ ಸುದ್ದಿ ಬಂದದೇನ್ರಿ?"

"ತಡೀರಿ, ತಿಳೀತದ" ಅಂದೆ ಗಂಭೀರವಾಗಿ. ನನಗೇ ತಿಳಿದಿಲ್ಲ ಎಂದು ಹೇಳಿದರೆ ಮನೆಯ ಮರ್ಯಾದೆ ಏನಾಗಬೇಕು? ಅವರು ತಲೆಯಾಡಿಸುತ್ತ ಹೋಗಿ ತಮ್ಮ ಬಾಗಿಲಿಗೂ ಇನ್ನೊಂದು ಕೀಲಿ ಹಾಕಿಕೊಂಡರು.

ಮೈದುನನ ಮೇಲೆ ಕಣ್ಣಿಟ್ಟೆ. ಅವನ ಎಡಗೈ ಬೆರಳ ತುದಿಗಳು ಜಡ್ಡುಗಟ್ಟಿದ್ದವು, ಯಾವುದೋ ತಂತಿ ಕೊರೆದ ಹಾಗೆ. ಮಧ್ಯಾಹ್ನ ಹರಾಜು ಮುಗಿದು ಯಾರ್ಡು ಖಾಲಿಯಾದ ಮೇಲೆ ಗೋದಾಮಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಮರಳುತ್ತಿದ್ದ. ಅಫಜಲಪುರದ ಕಡೆಯ ಒಂದು ಟಂಟಂ ಗಾಡಿ ತಾಡಪತ್ರಿ ಹೊದಿಸಿದ ದೊಡ್ಡ ಡಬ್ಬಿಗಳನ್ನು ಅಲ್ಲಿ ಇಳಿಸಿದ್ದನ್ನು ನಾನೇ ಕಂಡೆ. ಜೊತೆಗೆ ಇಬ್ಬರು ಅಪರಿಚಿತರು. ತೂಕದ ಯಂತ್ರಗಳೇ? ತನ್ನದೇ ಬೇರೆ ಅಂಗಡಿಗೆ ಸಾಮಾನೇ?

ಕೊನೆಗೆ ನಮ್ಮ ಹಳೆಯ ಹಮಾಲನನ್ನು ಕರೆದು, ಒಳಗೆ ಚೀಲ ಹೇಗೆ ಒಟ್ಟಿದ್ದೀರಿ ಎಂದು ಕೇಳಿದೆ. ಅವನು ಮುಚ್ಚುಮರೆಯಿಲ್ಲದೆ ಹೇಳಿದ. "ನಟ್ಟನಡುವ ಬಾವಿ ಬಿಟ್ಟಂಗ ಖಾಲಿ ಬಿಡ್ರಿ ಅಂದ್ರು ಸಾವ್ಕಾರ್ರು. ಸುತ್ತ ಛತ್ತಿನ ತನಕ ಒಟ್ಟೀವ್ರಿ ಅಕ್ಕಾವ್ರೆ."

ಈ ವ್ಯಾಪಾರದಲ್ಲಿ ಅದಕ್ಕಿಂತ ಹಳೆಯ ಮೋಸ ಇನ್ನೊಂದಿಲ್ಲ. ಹೊರಗಿನಿಂದ ನೋಡಿದವರಿಗೆ ಗೋದಾಮು ತುಂಬಿದಂತೆ ಕಾಣಬೇಕು, ಒಳಗೆ ಪೊಳ್ಳು. ನಡುವಿನ ಮಾಲು ಆಗಲೇ ಮಾರಿಹೋಗಿರುತ್ತದೆ. ಅಂದರೆ ಅವನು ತನ್ನ ಪಾಲನ್ನು ಸದ್ದಿಲ್ಲದೆ ತೆಗೆದಾಗಿದೆ, ನನಗೆ ಹೇಳುವುದೊಂದೇ ಬಾಕಿ. ಕಾಳು ಹೋದರೆ ಹೋಗಲಿ. ಈ ಮನೆಗೆ ನಾನು ಬಂದಾಗ ಶಾಲೆಗೆ ಹೋಗುತ್ತಿದ್ದವನು, ನನ್ನ ಕೈಯಿಂದ ಬುತ್ತಿ ಕಟ್ಟಿಸಿಕೊಂಡವನು, ಕದ್ದು ಬೇರೆಯಾಗುತ್ತಾನೆಯೇ? ಆ ದಿನ ಲೆಕ್ಕದಲ್ಲಿ ನನ್ನ ಗಮನ ನಿಲ್ಲಲಿಲ್ಲ.

ಹರಾಜು ಮುಗಿಯಿತು. ಅಂಗಡಿ ಮುಚ್ಚಿ ನಾನು ನೇರ ಗೋದಾಮಿಗೆ ನಡೆದೆ. ಬಾಗಿಲು ಒಳಗಿನಿಂದ ಹಾಕಿತ್ತು. ಹತ್ತಿರ ಹೋದಂತೆ ಕಾಲಡಿಯ ಕಲ್ಲು ಅದುರತೊಡಗಿತು. ಒಳಗೆ ಹತ್ತು ಮಂದಿ ಸೇರಿ ಕಬ್ಬಿಣ ಬಡಿಯುತ್ತಿದ್ದಾರೋ, ಯಾರನ್ನಾದರೂ ಕೊಲ್ಲುತ್ತಿದ್ದಾರೋ ತಿಳಿಯಲಿಲ್ಲ. ಅದರ ನಡುವೆ ಒಂದು ಗಂಟಲು ಗಾಯಗೊಂಡ ಮೃಗದ ಹಾಗೆ ಗುರುಗುಡುತ್ತಿತ್ತು. ನಾನು ಬಾಗಿಲು ಬಡಿದೆ. ಕೇಳಿಸಲಿಲ್ಲ. ಎರಡೂ ಕೈಯಿಂದ ಬಡಿದೆ, ಇದ್ದಷ್ಟು ಗಂಟಲಿನಿಂದ ಕೂಗಿದೆ. ಅದೇ ಗಳಿಗೆಗೆ ಒಳಗಿನ ಗದ್ದಲ ಕತ್ತರಿಸಿದ ಹಾಗೆ ನಿಂತಿತು. ನನ್ನ ಕೂಗು ಮಾತ್ರ ಉಳಿಯಿತು.

"ಬಾಗಲ ತಗಿ ತಮ್ಮಾ. ಪಾಲು ಬೇಕಿದ್ರ ನನ್ನ ಮುಂದ ನಿಂತು ಕೇಳು. ಹಿಂಗ ಕಳ್ಳತನದಾಗ ಬ್ಯಾರೆ ಆಗಬ್ಯಾಡ."

ಬಾಗಿಲು ತೆರೆಯಿತು. ಮೈದುನ ನಿಂತಿದ್ದ, ಕೊರಳಿಗೆ ದಪ್ಪ ತಂತಿಗಳ ಗಿಟಾರು ತೂಗಿಕೊಂಡು, ಮೈಯೆಲ್ಲ ಬೆವರು, ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದೆ. ನಾನು ಮೊದಲು ನೋಡಿದ್ದು ಚೀಲಗಳನ್ನು. ಎಲ್ಲವೂ ಇದ್ದವು. ನಡುವಿನಿಂದ ತೆಗೆದವುಗಳನ್ನು ಗೋಡೆಗುಂಟ ಎತ್ತರಕ್ಕೆ ಒಟ್ಟಿದ್ದರು. ಖಾಲಿ ಜಾಗದಲ್ಲಿ ಡ್ರಮ್ಮುಗಳ ರಾಶಿಯ ಹಿಂದೆ ಆ ಟಂಟಂ ಜೊತೆ ಬಂದಿದ್ದವರಲ್ಲಿ ಒಬ್ಬ ಕೂತಿದ್ದ. ಅಫಜಲಪುರದಲ್ಲಿ ಕಿಟಕಿಗಳಿಗೆ ಗ್ರಿಲ್ ಬೆಸೆಯುವ ವೆಲ್ಡರ್ ಅವನು. ಇನ್ನೊಬ್ಬ ಜೇವರ್ಗಿಯ ಪ್ರೌಢಶಾಲೆಯ ಮೇಷ್ಟ್ರು, ಕೈಯಲ್ಲಿ ಇನ್ನೊಂದು ಗಿಟಾರು, ಮುಂದೆ ಲ್ಯಾಪ್‌ಟಾಪು.

"ಸಲಾಂ, ಭಾಬೀಜಿ. ಬರ್ರಿ, ಕುಂದರ್ರಿ" ಅಂದ ವೆಲ್ಡರ್. ನಾನು ಕೂರಲಿಲ್ಲ.

"ಇದೇನು ಹಚ್ಚೀರಿ?" ಅಂದೆ.

ಮೈದುನ ತಲೆ ತಗ್ಗಿಸಿ ಹೇಳತೊಡಗಿದ. ತಗಡಿನ ಮಾಡಿನ ಕೆಳಗೆ ಬಾರಿಸಿದರೆ ದನಿ ಗೋಡೆಗೆ ಬಡಿದು ಹೊರಳಿ ಬರುತ್ತದಂತೆ, ಹಾಡು ಕೆಡುತ್ತದಂತೆ. ತೊಗರಿ ಚೀಲ ಸುತ್ತ ಇದ್ದರೆ ದನಿಯನ್ನು ನುಂಗಿಬಿಡುತ್ತದೆ. ಅಂಥ ಕೋಣೆ ಪಟ್ಟಣದಲ್ಲಿ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ, ಇಲ್ಲಿ ಹೊಲವೇ ಪುಕ್ಕಟೆ ಕೊಟ್ಟಿದೆ. ಹಾಡಿನ ರೆಕಾರ್ಡಿಂಗ್ ಮುಗಿಯುವ ತನಕ ಚೀಲ ಕದಲಬಾರದು, ಅದಕ್ಕೇ ಮಾರಿಲ್ಲ. ಸಾಮಾನು ಮೇಷ್ಟ್ರದ್ದು, ತುಟ್ಟಿಯದು, ಅದಕ್ಕೇ ಕೀಲಿ.

ಅಂದರೆ ಇಡೀ ಆಳಂದದ ತೊಗರಿ ಇವರ ಒಂದು ಹಾಡಿಗಾಗಿ ಗೋದಾಮುಗಳಲ್ಲಿ ಕೂತಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನಾನು ಅಷ್ಟು ಬೇಗ ನಂಬುವವಳಲ್ಲ.

ಆದರೂ ಒಂದೊಂದೇ ನೆನಪಾಯಿತು. ಸೊಲ್ಲಾಪುರದ ಕಾಲೇಜಿನಲ್ಲಿದ್ದಾಗ ಅವನು ರಜೆಗೆ ಬಂದರೆ ಕ್ಯಾಸೆಟ್ಟುಗಳ ಚೀಲ ತರುತ್ತಿದ್ದ. ಕಿವಿಗೆ ಸ್ಪಂಜಿನ ಬಿಲ್ಲೆ ಇಟ್ಟುಕೊಂಡು ಮಾಳಿಗೆಯ ಮೇಲೆ ಕೂತುಬಿಡುತ್ತಿದ್ದ. ಒಮ್ಮೆ ನನಗೂ ಕೇಳಿಸಿದ್ದ. ಒಂದೇ ಹಾಡು, ಅಕ್ಕಿ ಬೇಯುವಷ್ಟು ಹೊತ್ತು ನಡೆಯಿತು, ನಡುನಡುವೆ ತಾಳ ಬದಲಾಯಿಸಿತು. ಸಮುದ್ರದ ಆಚೆಯ ಹುಡುಗರು ಸಣ್ಣ ಹಾಡುಗಳಿಗೆ ಬೇಸತ್ತು ಹೀಗೆ ಎಳೆದು ಕಟ್ಟಲು ಶುರುಮಾಡಿದರು, ಇದು ಪ್ರೋಗ್ರೆಸಿವ್ ರಾಕ್, ಕಾರ್ಖಾನೆಗಳ ಊರಿನ ಇನ್ನು ಕೆಲವರು ದನಿಯನ್ನೇ ಕಬ್ಬಿಣದಷ್ಟು ಭಾರ ಮಾಡಿದರು, ಅದು ಹೆವಿ ಮೆಟಲ್ ಎಂದು ಉತ್ಸಾಹದಿಂದ ಹೇಳಿದ್ದ. ಮದುವೆಯಾಯಿತು, ಕ್ಯಾಸೆಟ್ಟುಗಳು ಅಟ್ಟ ಸೇರಿದವು. ಅಲ್ಲಿಗೆ ಆ ಹುಚ್ಚು ಮುಗಿಯಿತು ಎಂದುಕೊಂಡಿದ್ದೆ.

ಮುಗಿದಿರಲಿಲ್ಲ. ಎಲ್ಲರ ಕೈಗೂ ಫೋನು ಬಂತು, ಅದರೊಳಗಿಂದ ಆ ಸಂಗೀತ ಮತ್ತೆ ಎದ್ದಿತು. ಈಗ ಜೇವರ್ಗಿಯ ಸರ್ಕಲ್ಲಿನಲ್ಲಿ ಕರಿ ಅಂಗಿಯ ಹುಡುಗರು ತಲೆ ಕುಣಿಸುತ್ತ ನಿಂತಿರುತ್ತಾರೆ. ಘತ್ತರಗಿಯ ಬಸ್ಸಿನಲ್ಲಿ ಎದೆಯ ಮೇಲೆ ತಲೆಬುರುಡೆಯ ಚಿತ್ರ, ಹಣೆಯ ತುಂಬ ಅಲ್ಲಿನ ದೇವಿ ಭಾಗ್ಯವಂತಿಯ ಕುಂಕುಮ ಇರುವವರನ್ನು ನೋಡಿ ನಾನು ಕೈಚೀಲ ಮಡಿಲಿಗೆಳೆದುಕೊಂಡಿದ್ದೇನೆ. ಅಂಥದೇ ಅಂಗಿ ತೊಟ್ಟು ಈ ವೆಲ್ಡರ್ ನಮ್ಮ ಗೋದಾಮಿನ ಬಾಗಿಲು ರಿಪೇರಿಗೆ ಬಂದಿದ್ದನಂತೆ. ಮೈದುನ ಅಂಗಿ ನೋಡಿ ಮಾತಾಡಿಸಿದ. ವೆಲ್ಡರಿಗೆ ಫೋನಿನಲ್ಲಿ ಪರಿಚಯವಿದ್ದ ಮೇಷ್ಟ್ರು ಆಮೇಲೆ ಕೂಡಿಕೊಂಡರು.

"ಸಣ್ಣಾವ ಇದ್ದಾಗ ಮೊಹರಂದಾಗ ಹಲಗಿ ಬಾರಿಸ್ತಿದ್ದೆ ಭಾಬೀಜಿ" ಅಂದ ವೆಲ್ಡರ್. "ಇದೂ ಹಂಗೇ. ಕಾಲೂ ಕೂಡಿಸಿ ಬಾರಸಬೇಕು, ಇಷ್ಟೇ ಫರಕು."

"ಅದೆಲ್ಲಾ ಖರೆ" ಅಂದೆ ಮೈದುನನಿಗೆ. "ನನಗ ಯಾಕ ಹೇಳಲಿಲ್ಲ?"

"ಐವತ್ತರ ಹತ್ರ ಬಂದೀನ್ರಿ ವೈನಿ. ಗಾದಿ ಮ್ಯಾಲ ಕುಂತು ನೀವು ನಕ್ಕರ ಇಡೀ ಮಾರ್ಕೆಟ್ ನಗ್ತದ ಅಂತ ಅಂಜಿದೆ."

ಹೆಂಡತಿಗೆ ಹೇಳಬಹುದು, ನನಗೆ ಹೇಳಲು ಅಂಜಿಕೆ. ಅದು ನನಗೆ ನಾಟಿತು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಮುಂದೆ ಬಗ್ಗಿದ್ದ ಮೇಷ್ಟ್ರು ತಲೆಯೆತ್ತಿದರು.

"ಒಂದು ಮಾತು ಕೇಳ್ಲೇನ್ರಿ? ಸಿಟ್ಟಿಗೇಳಬ್ಯಾಡ್ರಿ. ಈ ಹಾಡಿನ ನಡುವ ಎಲ್ಲಾ ಬಂದ್ ಮಾಡಿ ಸುಮ್ಮ ಇರೂ ಜಾಗ ಒಂದದ. ಸರಿಯಾಗಿ ಅಲ್ಲೇ ನಿಮ್ಮ ಕೂಗು ಮೈಕಿನಾಗ ಬಂದದ. ಕೇಳ್ರಿ ಒಮ್ಮೆ."

ಹಚ್ಚಿದರು. ಆ ಕಬ್ಬಿಣದ ಗದ್ದಲ ಏರಿ ಏರಿ ಗಕ್ಕನೆ ನಿಂತಿತು. ಬಾಗಿಲ ಬಡಿತ. ಆಮೇಲೆ ಒಬ್ಬ ಹೆಂಗಸು. ಬಾಗಲ ತಗಿ ತಮ್ಮಾ.

ನಾನು ಸಿಟ್ಟಿನಿಂದ ಕೂಗಿದ್ದೆ. ಸಿಟ್ಟೇ ಎಂದು ಪ್ರಮಾಣ ಮಾಡಿ ಹೇಳುತ್ತಿದ್ದೆ. ಆದರೆ ಆ ಹೆಂಗಸಿನ ದನಿಯಲ್ಲಿ ಸಿಟ್ಟು ಇರಲೇ ಇಲ್ಲ. ಬಸ್ಸು ಬಿಟ್ಟುಹೋದ ಮೇಲೆ ಹಿಂದೆ ಓಡುವವರ ಹಾಗೆ ಅವಳು ಬೇಡಿಕೊಳ್ಳುತ್ತಿದ್ದಳು. ಬ್ಯಾರೆ ಆಗಬ್ಯಾಡ ಎಂಬಲ್ಲಿ ದನಿ ಒಡೆದಿತ್ತು. ನಾನು ಚೀಲದ ಮೇಲೆ ಕೂತುಬಿಟ್ಟೆ. ಮೈದುನ ನನ್ನ ಮುಖ ನೋಡಲಿಲ್ಲ, ನಾನು ಅವನ ಮುಖ ನೋಡಲಿಲ್ಲ.

"ಅಳಸಿ ಬಿಡ್ರಿ ಮಾಸ್ತರ್" ಅಂದ ಅವನು, ತಡೆದು ತಡೆದು. "ವೈನಿ ದನಿ ಎಲ್ಲರೂ ಕೇಳೂದು ಬ್ಯಾಡ."

"ಇರಲಿ" ಅಂದೆ ನಾನು. ಯಾಕೆ ಹಾಗೆಂದೆನೋ ನನಗೇ ಆಶ್ಚರ್ಯ. "ಇರಲಿ ಬಿಡ್ರಿ. ಆದ್ರ ಬಾಗಲದಾಗ ನಿಂತು ಕೂಗಿದಾಕಿಗೆ ಉತ್ತರ ಕೊಡೂದಿಲ್ಲೇನು ನಿಮ್ಮ ಹಾಡಿನಾಗ?"

ಮೇಷ್ಟ್ರು ಮೈದುನನ ಕಡೆ ನೋಡಿದರು. ಅವನು ಮಾತಿನಲ್ಲಿ ಬಡವ. ಅಣ್ಣ ತೀರಿಕೊಂಡ ದಿನವೂ ನನ್ನ ಹತ್ತಿರ ಒಂದು ಮಾತಾಡದೆ ಬಾಗಿಲಲ್ಲಿ ನಿಂತಿದ್ದವನು. ಅವನು ಗಿಟಾರು ಕೆಳಗಿಟ್ಟು ಮೈಕಿನ ಮುಂದೆ ಹೋಗಿ, ಕಣ್ಣು ಮುಚ್ಚಿ, ಹೊಟ್ಟೆಯಿಂದ ಆ ಮೃಗದ ದನಿಯನ್ನು ಎಳೆದ. ನಾನು ಹೊರಗೆ ನಿಂತು ಕೇಳಿದ್ದ ಗಂಟಲು ಅವನದೇ. ಆ ಗುರುಗುಟ್ಟುವಿಕೆಯಲ್ಲಿ ಏನು ಹೇಳುತ್ತಾರೋ ಯಾರಿಗೂ ತಿಳಿಯುವುದಿಲ್ಲ ಅನ್ನುತ್ತಾರೆ. ನನಗೆ ಅಕ್ಷರ ಅಕ್ಷರ ತಿಳಿಯಿತು.

"ಪಾಲು ಬ್ಯಾಡ್ರಿ ವೈನಿ. ನಾ ಎಲ್ಲೂ ಹೋಗೂದಿಲ್ಲ."

ಮೇಷ್ಟ್ರು ಗುಂಡಿ ಒತ್ತಿ ನಿಲ್ಲಿಸಿ, ಒಂದೇ ಸಲಕ್ಕೆ ಚಲೋ ಬಂತು ಅಂದರು. ವೆಲ್ಡರ್ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಅತ್ತ ತಿರುಗಿದ. ಮೈದುನ ಮೈಕು ಬಿಟ್ಟು ಈಚೆ ಬರುತ್ತಿದ್ದ.

"ಸರಿ ಬರಲಿಲ್ಲ" ಅಂದೆ. "ಇನ್ನೊಮ್ಮೆ ಹೇಳು."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಮೈದುನ ಅವರಿಗೆ ಕೈ ಮಾಡಿ ಸುಮ್ಮನಿರಿಸಿ ಮತ್ತೆ ಮೈಕಿನ ಮುಂದೆ ಹೋಗಿ ನಿಂತ. ಈ ಸಲ ಕಣ್ಣು ಮುಚ್ಚಲಿಲ್ಲ, ನನ್ನನ್ನು ನೋಡಿಕೊಂಡೇ ಹೇಳಿದ.