ಮಾರೆಣ್ಣನ ಕಣ್ಣು

ಹೊಳಗುಂದದ ಕಬಡ್ಡಿ ಅಂಗಳದಲ್ಲಿ ಹುಡುಗರ ಮೀನಖಂಡ ಹಿಚುಕಿ ನೋಡುತ್ತಿರುವ ಮನುಷ್ಯ ಕಂಡರೆ ಅವನೇ ನಮ್ಮ ಮಾರೆಣ್ಣ. ಆದೋನಿ ಮಾರ್ಕೆಟ್ಟಿನಲ್ಲಿ ನನ್ನ ಅಂಗಡಿಗೆ ಹತ್ತಿ ಆರಿಸುವವನು. ಚಿಟಿಕೆ ಹತ್ತಿಯ ಎಳೆ ಎಳೆದು ಅವನು ಹೇಳಿದ ದರ್ಜೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ. ಆಟಗಾರರ ವಿಷಯದಲ್ಲಿ ಒಮ್ಮೆಯೂ ಸರಿಯಾಗಿಲ್ಲ. “ಇವ ಸ್ಟೇಟಿಗೇ ಹೋಗ್ತಾನ, ಬರ್ಕೊಳ್ರಿ ಸಾವ್ಕಾರ್ರ” ಎಂದರೆ ಆ ಆಟಗಾರ ಜಿಲ್ಲೆಯ ಕೆಳಗಿನ ಮಂಡಲ ಮಟ್ಟವನ್ನೂ ದಾಟುವುದಿಲ್ಲ. “ಇದು ಬರೇ ಕಸ” ಎನಿಸಿಕೊಂಡವನು ಸ್ಟೇಟ್ ತಂಡದ ಬನಿಯನ್ ತೊಟ್ಟು ಊರಿಗೆ ಬರುತ್ತಾನೆ. ಹೀಗಾಗಿ ಅವನನ್ನು ಕಂಡರೆ ಆಟಗಾರರು, “ಕಾಕಾ, ಕೈ ಮುಗೀತೀನಿ, ನನ್ನ ಹೊಗಳಬ್ಯಾಡ್ರಿ” ಎಂದು ಓಡುತ್ತಾರೆ. “ನನ್ನ ಕಣ್ಣು ತಪ್ಪೂದಿಲ್ಲ, ಆರಿಸೋರ ಕಣ್ಣಿಗೇ ಪೊರಿ ಬಂದೈತಿ” ಎಂಬುದು ಅವನ ಹಟ. ಮೊನ್ನೆ ಜಿಲ್ಲಾ ತಂಡದ ಆಯ್ಕೆಗೆ ಅವನ ಮಗಳು ಮಹೇಶ್ವರಿ ಅಂಗಳಕ್ಕಿಳಿದಳು. ಒಂದೇ ರೇಡಿಗೆ ಮೂವರನ್ನು ಮುಟ್ಟಿ ಬಂದಳು. “ಏನಂತಿ ಮಾರೆಣ್ಣ?” ಎಂದೆ. ಅವನ ಕಣ್ಣು ತುಂಬಿತ್ತು. ಎಲ್ಲರಿಗೂ ಕೇಳುವಂತೆ ಕೂಗಿದ: “ಈಕಿ ಏನ್ ಆಡ್ತಾಳ್ರಿ, ಬರೇ ಕಸ! ಮಂಡಲ ಸುದ್ದಾ ದಾಟೂದಿಲ್ಲ!” ಅಂಗಳದ ನಡುವಿನಿಂದ ಮಗಳು ನಕ್ಕಳು: “ಅಪ್ಪಾ, ಇನ್ನೊಂದ್ಸಲ ಜೋರಾಗಿ ಅನ್ನು!”