ಗುಡುಗಿಗೆ ಎದ್ದ ಅಣಬೆ

1996ರ ಬೇಸಿಗೆ. ನಾವು ಅಮೆರಿಕದ ಸೆಂಟರ್‌ವಿಲ್‌ನಲ್ಲಿದ್ದೆವು. ಪಕ್ಕದ ಮನೆಯ ಯೂಸುಫ್ ಕುವೈತ್‌ನವರು. ಅವರ ತಾಯಿ ಮಗನನ್ನು ನೋಡಲು ಬಂದಿದ್ದರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಅರಬ್ಬಿ ಬಾರದು, ನಡುವೆ ಯೂಸುಫ್.

ಒಂದು ಸಂಜೆ ಆಕೆ ತಮ್ಮ ಮರಳುಗಾಡಿನ ಅಣಬೆಯ ಸುದ್ದಿ ತೆಗೆದರು. ಗುಡುಗು ಮಳೆಯಾದ ವರ್ಷ ಮರಳಿನೊಳಗೆ ಆಲೂಗಡ್ಡೆಯಂತೆ ಬೆಳೆಯುತ್ತದಂತೆ, ನೆಲ ಬಿರಿದಲ್ಲಿ ಅಗೆದು ತೆಗೆಯುತ್ತಾರಂತೆ. ನಾನು ಕಾರ್ಕಳದವಳು. ನಮ್ಮಲ್ಲೂ ಗುಡುಗಿದರೆ ನೆಲದಡಿ ಕಲ್ಲಣಬೆ ಏಳುತ್ತದೆ. ಖುಷಿ ತಡೆಯಲಾರದೆ, ಇಲ್ಲಿನ ಮರಗಳ ಬುಡದಲ್ಲೂ ಇದ್ದೇ ಇರುತ್ತದೆ ಎಂದುಬಿಟ್ಟೆ. ನೋಡಿದ್ದೆನೇ? ಇಲ್ಲ. ನನ್ನ ಬಾಯಿಗೆ ಬೀಗವಿಲ್ಲ.

ಮುಂದಿನ ವಾರ ಜೋರು ಗುಡುಗು ಮಳೆ. ಶನಿವಾರ ಮಧ್ಯಾಹ್ನ ನನ್ನನ್ನೂ ನನ್ನ ಪತಿ ದಿನೇಶರನ್ನೂ ಊಟಕ್ಕೆ ಕರೆದರು. ಬಿಸಿ ಅನ್ನ, ಮೇಲೆ ಮಸಾಲೆಯಲ್ಲಿ ಹುರಿದ ಅಣಬೆ. ಮನೆ ಹಿಂದಿನ ಓಕ್ ಮರದಡಿ ಸಿಕ್ಕಿತು, ನೀನು ಹೇಳಿದ್ದು ನಿಜ ಎಂದು ಆಕೆ ನನ್ನ ಕೆನ್ನೆ ಸವರಿದರು. ನಾನು ಉಬ್ಬಿಹೋದೆ.

ಊಟಕ್ಕೆ ಕೂರುವ ಮೊದಲು ಕೈ ತೊಳೆಯಲು ಹೋದಾಗ ಸಿಂಕ್ ಪಕ್ಕ ಉಳಿದಿದ್ದ ಹೋಳು ಕಂಡಿತು. ದಪ್ಪ ಸಿಪ್ಪೆ, ಒಳಗೆಲ್ಲ ಮಸಿಬಣ್ಣ. ಕತ್ತರಿಸಿದಾಗ ಬೆಳ್ಳಗಿಲ್ಲದ್ದನ್ನು ಊರಲ್ಲಿ ನನ್ನಮ್ಮ ಬಾಣಲೆಗೆ ಹಾಕುತ್ತಲೇ ಇರಲಿಲ್ಲ. ಓಡಿ ಬಂದವಳೇ ಚಮಚ ಎತ್ತಿದ್ದ ಯೂಸುಫ್ ಮುಂದಿನ ತಟ್ಟೆ ಕಿತ್ತುಕೊಂಡೆ.

"ಏನೇ ಇದು, ಊಟಕ್ಕೆ ಕರೆದವ್ರ ಮನೇಲಿ?" ದಿನೇಶ್ ಗದರಿದರು.

"ವಿಷ ಇರ್ಬೋದು ರೀ. ಯಾರೂ ತಿನ್ಬೇಡಿ."

ಯಾರೂ ಇನ್ನೂ ಬಾಯಿಗಿಟ್ಟಿರಲಿಲ್ಲ. ಸದ್ಯ, ದೇವರು ದೊಡ್ಡವನು ಎಂದುಕೊಂಡೆ. ಒಲೆಯ ಮೇಲಿನ ಅಡುಗೆಯ ರುಚಿ ನೋಡಿದರೆ ಎಂಜಲು ಎಂದು ಬೆಳೆದವಳು ನಾನು. ರುಚಿ ನೋಡಿದಿರಾ ಎಂದು ಅಡುಗೆ ಮಾಡಿದವರನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ಕೇಳಿದ್ದು ಯೂಸುಫ್. ಆಕೆ ಮೆಲ್ಲಗೆ ಎರಡು ಬೆರಳೆತ್ತಿದರು. ಉಪ್ಪು ನೋಡಲು ಎರಡು ಚಮಚ. ಬಣ್ಣ ಬೇರೆಯಿದ್ದರೂ ಇಲ್ಲಿಯ ಜಾತಿ ಹೀಗೇ ಇರಬೇಕೆಂದು, ನನ್ನ ಮಾತು ನಂಬಿ.

ಉಳಿದ ಹೋಳನ್ನು ಚೀಲಕ್ಕೆ ಹಾಕಿ ಎಮರ್ಜೆನ್ಸಿಗೆ ಹೊರಟೆವು. ಕಾರಿನಲ್ಲೇ ಆಕೆಗೆ ವಾಂತಿ ಶುರುವಾಯಿತು. ಆಸ್ಪತ್ರೆಯಿದ್ದ ಫೇರ್‌ಫ್ಯಾಕ್ಸ್ ಕಡೆಯ ಟ್ರಾಫಿಕ್ ಕದಲುತ್ತಿರಲಿಲ್ಲ. ಬೆವರಿ ತಣ್ಣಗಾದ ಅವರ ಕೈ ಹಿಡಿದು, ನನ್ನಿಂದ ಈ ಜೀವ ಹೋಗದಿರಲಿ ಎಂದು ಅಳುತ್ತಾ ಕೂತಿದ್ದೆ.

ಡ್ರಿಪ್ ಹಾಕಿದರು. ಮರುದಿನ ಬೆಳಿಗ್ಗೆ ಆಕೆ ಎದ್ದು ಕೂತರು. ನಾನು ಕ್ಷಮೆ ಕೇಳಿದಾಗ ಆಕೆ ಹೇಳಿದ್ದನ್ನು ಯೂಸುಫ್ ತಿಳಿಸಿದರು: "ನನ್ನ ಮಗನ ತಟ್ಟೆ ಕಿತ್ತುಕೊಂಡೆಯಲ್ಲ, ಅಷ್ಟು ಸಾಕು."

ಇಂದಿಗೂ ಗೊತ್ತಿಲ್ಲದ್ದಕ್ಕೆ 'ಇದ್ದೇ ಇರುತ್ತದೆ' ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆಕೆ ಕುವೈತ್‌ಗೆ ಮರಳಿದ ಮೇಲೆ ಮರಳುಗಾಡಿನ ನಿಜವಾದ ಅಣಬೆಯ ಡಬ್ಬಿ ಕಳಿಸಿದರು. ಒಂದೊಂದನ್ನೂ ಕತ್ತರಿಸಿ ನೋಡಿದೆ, ಬೆಳ್ಳಗೇ ಇತ್ತು. ಆದರೂ ದಿನೇಶರಿಗೆ ಬಡಿಸುವ ಮೊದಲು, ಜೀವನದಲ್ಲಿ ಮೊದಲ ಬಾರಿ, ಒಲೆಯ ಮುಂದೆ ನಿಂತು ಎರಡು ಚಮಚ ನಾನೇ ಬಾಯಿಗೆ ಹಾಕಿಕೊಂಡೆ.