ಹಮೀದಾಕನಿಗೆ ಬರೆದುಕೊಟ್ಟ ಸರ್ಟಿಫಿಕೇಟು

೨೦೦೧ರಲ್ಲಿ ನಾನು ಮೂಡುಬಿದಿರೆ ಸಮೀಪದ ಕಾಲೇಜೊಂದರಲ್ಲಿ ಶರೀರಕ್ರಿಯಾಶಾಸ್ತ್ರದ ಅಧ್ಯಾಪಕನಾಗಿದ್ದೆ. ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿ ಉಸಿರು ನಿಲ್ಲುತ್ತದೆ, ರಕ್ತದ ಆಕ್ಸಿಜನ್ ಇಳಿಯುತ್ತದೆ, ಮನುಷ್ಯ ಅರೆ ಎಚ್ಚರಗೊಂಡು ಮತ್ತೆ ಉಸಿರೆಳೆಯುತ್ತಾನೆ. ಗಂಟೆಗೆ ಹತ್ತಾರು ಸಲ ಹೀಗಾದರೂ ಬೆಳಗ್ಗೆ ಅವನಿಗೆ ಏನೂ ನೆನಪಿರುವುದಿಲ್ಲ.

ನಮ್ಮ ಪ್ರಯೋಗದ ಇಲಿಗಳಲ್ಲಿ ಈ ಸ್ಥಿತಿಯನ್ನು ನಾವೇ ತರಬೇಕಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟು, ನಿಮಿಷಕ್ಕೊಮ್ಮೆ ನೈಟ್ರೋಜನ್ ಬಿಟ್ಟು ಆಕ್ಸಿಜನ್ ಇಳಿಸಿ, ಮತ್ತೆ ಗಾಳಿ ತುಂಬಿಸುತ್ತಿದ್ದೆವು. ಇಲಿಗಳು ಮಲಗುವುದು ಹಗಲಲ್ಲಿ. ಹಾಗಾಗಿ ದಿನಕ್ಕೆ ಎಂಟು ಗಂಟೆ, ಮೂವತ್ತೈದು ದಿನ. ಟೈಮರ್ ಕೈಕೊಟ್ಟರೆ ನೈಟ್ರೋಜನ್ ನಿಲ್ಲಿಸಲು ಒಬ್ಬರು ಪಕ್ಕದಲ್ಲೇ ಕೂತಿರಬೇಕಿತ್ತು.

ಹಾಗೆ ಕೂರುತ್ತಿದ್ದವರು ಪಾಣೆಮಂಗಳೂರಿನ ಅಟೆಂಡರ್ ಹಮೀದ್. ನನಗಿಂತ ಆರು ವರ್ಷ ದೊಡ್ಡವರಾದ್ದರಿಂದ ನನಗೆ ಹಮೀದಾಕ, ಅಂದರೆ ಹಮೀದಣ್ಣ. ಗಿಡ್ಡ ಆಳು, ದಪ್ಪ ಕುತ್ತಿಗೆ. ಮೊದಲು ಕಾಲೇಜಿನ ವ್ಯಾನ್ ಓಡಿಸುತ್ತಿದ್ದರು; ಎರಡು ಸಲ ಚರಂಡಿಗಿಳಿಸಿದ ಮೇಲೆ ಅವರನ್ನು ಪ್ರಯೋಗಾಲಯದ ಪ್ರಾಣಿಗೃಹಕ್ಕೆ ಹಾಕಿದ್ದರು. ಇಲ್ಲಿ ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದರು. ಉಪವಾಸದ ತಿಂಗಳು, ನಸುಕಿನಲ್ಲೇ ಊಟಕ್ಕೆ ಏಳಬೇಕು, ಅದಕ್ಕೇ ಇರಬೇಕೆಂದುಕೊಂಡೆ. ಹಬ್ಬ ಮುಗಿಯಿತು, ತೂಕಡಿಕೆ ಮುಗಿಯಲಿಲ್ಲ. ಗೊರಕೆ ತಾಳಲಾರದೆ ಹೆಂಡತಿ ಅವರನ್ನು ಜಗಲಿಗೆ ಅಟ್ಟಿದ್ದಾಳೆಂದು ಸ್ಟಾಫ್ ರೂಮಿನಲ್ಲಿ ನಗೆ. ನಾನೂ ನಕ್ಕಿದ್ದೆ.

ಮೂವತ್ತೊಂದನೆಯ ದಿನ ಟೈಮರ್ ಸಿಕ್ಕಿಕೊಂಡಿತು. ನಾನು ಹೋಗುವಷ್ಟರಲ್ಲಿ ಆರು ಇಲಿಗಳು ಸತ್ತಿದ್ದವು, ಹಮೀದಾಕ ಗೋಡೆಗೊರಗಿ ಮಲಗಿದ್ದರು.

“ಕಣ್ಣು ಮುಚ್ಚಿದ್ದೇ ಗೊತ್ತಾಗ್ಲಿಲ್ಲ ಸಾರ್. ಎಷ್ಟು ಮಲಗಿದ್ರೂ ನಿದ್ದೆ ಸಾಕಾಗುವುದಿಲ್ಲ” ಎಂದರು.

ಇದೇ ಲಕ್ಷಣವನ್ನು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದೆ. ಅವರ ಬಾಯಲ್ಲಿ ಅದು ನನಗೆ ನೆಪವಾಗಿ ಕೇಳಿಸಿತು.

ಎರಡು ತಿಂಗಳಲ್ಲಿ ಅವರಿಗೆ ಗಲ್ಫಿನಲ್ಲಿ ಲಾರಿ ಡ್ರೈವರ್ ಕೆಲಸ ಒದಗಿತು. ಕಾಲೇಜಿನ ವ್ಯಾನ್ ಓಡಿಸಿದ್ದಕ್ಕೆ ಅನುಭವ ಪತ್ರ ಬೇಕೆಂದು ನನ್ನ ಬಳಿ ಬಂದರು. ಗಲ್ಫಿಗೆ ಹೊರಟವರಿಗೆ ನಮ್ಮ ಕಡೆ ಯಾರೂ ಒಳ್ಳೆಯ ಮಾತಿಗೆ ಜಿಪುಣತನ ಮಾಡುವುದಿಲ್ಲ. ವಾಹನ ಚಾಲನೆಯಲ್ಲಿ ಸದಾ ಜಾಗರೂಕರು ಎಂದು ಬರೆದು ಸಹಿ ಹಾಕಿ ಕೈತೊಳೆದುಕೊಂಡೆ. ಹೊಸ ಇಲಿಗಳನ್ನು ತರಿಸಿದೆ, ಪ್ರಬಂಧ ಮುಗಿಸಿದೆ, ಪದವಿಯೂ ಬಂತು.

೨೦೦೪ರಲ್ಲಿ ಒಂದು ಮಧ್ಯಾಹ್ನ ಅವರು ಹುಡುಕಿಕೊಂಡು ಬಂದರು. ನಾನು ಪಾಠದಲ್ಲಿದ್ದೆ. ಅವರನ್ನು ಕೂರಿಸಿದ ಗುಮಾಸ್ತರು ಆಮೇಲೆ ಹೊರಗೆ ನನಗೆ ವಿಷಯ ತಿಳಿಸಿದರು: ಗಲ್ಫಿನಲ್ಲಿ ಹಾಡುಹಗಲಲ್ಲಿ, ನೇರ ರಸ್ತೆಯಲ್ಲಿ, ನಿಂತಿದ್ದ ಲಾರಿಗೆ ಗುದ್ದಿದರಂತೆ. ಅಲ್ಲಿ ಟಯರ್ ಬದಲಿಸುತ್ತಿದ್ದವನು ಸತ್ತನಂತೆ.

ಹಮೀದಾಕ ಬೆಂಚಿನಲ್ಲಿ ತಲೆ ಹಿಂದಕ್ಕೆ ಚೆಲ್ಲಿ ನಿದ್ದೆ ಹೋಗಿದ್ದರು. ಗೊರಕೆ ನಿಂತಿತು. ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಇಪ್ಪತ್ತನಾಲ್ಕು ಸೆಕೆಂಡು. ಮೈ ಜಗ್ಗಿ ಉಸಿರೆಳೆದುಕೊಂಡರು. ಮತ್ತೆ ನಿಂತಿತು. ಹತ್ತು ನಿಮಿಷದಲ್ಲಿ ಎಂಟು ಸಲ. ದುಃಖ, ಭಯ ಯಾವುದೂ ಆಗಲಿಲ್ಲ. ಮರಗಟ್ಟಿದ್ದೆ. ಎಬ್ಬಿಸಬೇಕೆಂದು ಕೂಡ ಹೊಳೆಯದೆ ಎಣಿಸುತ್ತ ನಿಂತಿದ್ದೆ.

ಎದ್ದವರು ಪ್ಲಾಸ್ಟಿಕ್ ಕವರಿನಿಂದ ನನ್ನ ಸರ್ಟಿಫಿಕೇಟನ್ನು ತೆಗೆದರು. “ಇದರಿಂದಲೇ ಅಲ್ಲಿ ಕೆಲಸ ಸಿಕ್ಕಿದ್ದು ಸಾರ್. ಬೆಳ್ತಂಗಡಿಯಲ್ಲಿ ಒಂದು ಶಾಲೆಯ ವ್ಯಾನಿಗೆ ಡ್ರೈವರ್ ಬೇಕಂತೆ. ಇಂಥದ್ದೇ ಇನ್ನೊಂದು ಬರೆದುಕೊಡಿ.”

ನಾನು ಮಂಗಳೂರಿನ ವೈದ್ಯರೊಬ್ಬರಿಗೆ ಪತ್ರ ಬರೆದುಕೊಟ್ಟೆ. ಇನ್ನು ಸ್ಟಿಯರಿಂಗ್ ಹಿಡಿಯಬೇಡಿ ಎಂದೆ. ಅವರ ಮುಖ ಸಣ್ಣದಾಯಿತು.

“ಒಂದು ಒಳ್ಳೆ ಮಾತು ಬರೆಯಲಿಕ್ಕೆ ನಿಮಗೇನು ಕಷ್ಟ ಸಾರ್?”

ವೈದ್ಯರಿಗೆ ಬರೆದ ಪತ್ರವನ್ನು ಅವರ ಕವರಿಗೆ ಸೇರಿಸಿದೆ. ಮುಂದೆ ಮಂಗಳೂರಿನಲ್ಲಿ ನಡೆದ ಪರೀಕ್ಷೆಯಲ್ಲಿ ಅಪ್ನಿಯಾ ಎಂದೇ ಬಂತು.

ಅಂದು ಅವರು ಹೋದ ಮೇಲೆ ಹಳೆಯ ಪ್ರಯೋಗದ ಪುಸ್ತಕ ತೆಗೆದೆ. ಮೂವತ್ತೊಂದನೆಯ ದಿನ, ಆರು ಇಲಿಗಳು, ಸಾವಿಗೆ ಕಾರಣ: ಅಟೆಂಡರನ ನಿದ್ದೆ. ನನ್ನದೇ ಅಕ್ಷರ. ಒಂದು ಕಾರಣ ಬರೆದ ಮೇಲೆ ಅದಕ್ಕೇನು ಕಾರಣವೆಂದು ಇನ್ನೊಂದು ಸಲ ಕೇಳಬೇಕೆಂದು ವೃತ್ತಿ ನನಗೆ ಕಲಿಸಿತು. ಕಲಿಯುವಷ್ಟರಲ್ಲಿ, ಹೆಸರೂ ಗೊತ್ತಿಲ್ಲದ ಒಬ್ಬ ಟಯರ್ ಬದಲಿಸುತ್ತ ಸತ್ತಿದ್ದ.